ಹಾರ ತುರಾಯಿ ಬಿಟ್ಟು ಮಕ್ಕಳ ಹಿಂದೆ ಹೋದ ಸತ್ಯನ್

ಪೇಪರಿನಲ್ಲಿ ಫೋಟೋ ಬರಬೇಕಾದರೆ ಒಂದೋ ಮಂತ್ರಿಯಾಗಿರಬೇಕು, ಇಲ್ಲವೇ ಬಸ್ಸಿನಡಿ ಸಿಕ್ಕಿರಬೇಕು. ಇವೆರಡೂ ಅಲ್ಲದ ಜನರನ್ನೇ ಹುಡುಕಿಕೊಂಡು ಹೋಗಿ ಫೋಟೋ ತೆಗೆದು, ಪದ್ಮಶ್ರೀವರೆಗೂ ಮುಟ್ಟಿದವರು ಮೈಸೂರಿನ ಟಿ.ಎಸ್. ಸತ್ಯನ್.

ಹುಟ್ಟಿದ್ದು 1923ರ ಡಿಸೆಂಬರ್ 18ರಂದು, ಇದೇ ಊರಿನಲ್ಲಿ. ಓದಿದ್ದು ಬನುಮಯ್ಯ ಶಾಲೆ, ಆಮೇಲೆ ಮಹಾರಾಜ ಕಾಲೇಜು. ಅಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಈಗಲ್ಟನ್ ಮೇಷ್ಟ್ರು ಹುಡುಗನಿಗೆ ಸಾಹಿತ್ಯದ ಜತೆ ಕ್ಯಾಮೆರಾದ ಹುಚ್ಚನ್ನೂ ಹತ್ತಿಸಿದರು. ಬಿ.ಎ. ಮಾಡಿದವನು ಗುಮಾಸ್ತನಾಗಬೇಕು ಇಲ್ಲವೇ ಮೇಷ್ಟ್ರಾಗಬೇಕು ಅನ್ನೋ ಕಾಲ ಅದು. ಫೋಟೋ ಅಂದರೆ ಸ್ಟುಡಿಯೋ, ಸ್ಟುಡಿಯೋ ಅಂದರೆ ಮದುವೆ ಜೋಡಿ. ಕ್ಯಾಮೆರಾ ಹೆಗಲಿಗೇರಿಸಿ ಬೀದಿ ಸುತ್ತೋದನ್ನ ಉದ್ಯೋಗ ಅಂತ ಯಾರು ಒಪ್ಪಬೇಕು?

1948ರಲ್ಲಿ ಬೆಂಗಳೂರಿನಲ್ಲಿ ಡೆಕ್ಕನ್ ಹೆರಾಲ್ಡ್ ಶುರುವಾದಾಗ ಸತ್ಯನ್ ಅಲ್ಲಿ ಫೋಟೋಗ್ರಾಫರ್ ಆದರು. ಆಗ ಒಂದು ಚಿತ್ರ ಅಚ್ಚಿಗೆ ಹೋಗಬೇಕಾದರೆ ರೀಲು ತೊಳೆಯಬೇಕು, ಕತ್ತಲೆ ಕೋಣೆಯಲ್ಲಿ ಪ್ರಿಂಟ್ ಹಾಕಬೇಕು, ಅದರಿಂದ ಲೋಹದ ಬ್ಲಾಕ್ ಮಾಡಿಸಬೇಕು. ಅಷ್ಟು ದುಡ್ಡು ಸುರಿದು ತರಕಾರಿ ಮಾರೋ ಹೆಂಗಸಿನ ಮುಖ ಹಾಕುವವರು ಕಡಿಮೆ. ಹಾರ ಹಾಕಿಸಿಕೊಂಡವರ ಮುಖವೇ ಬರುತ್ತಿತ್ತು.

ಅಲ್ಲಿಂದ ಬೊಂಬಾಯಿಯ ಇಲ್ಲಸ್ಟ್ರೇಟೆಡ್ ವೀಕ್ಲಿ. ಕೊನೆಗೆ ಆ ಸಂಬಳವನ್ನೂ ಬಿಟ್ಟು ಸ್ವಂತವಾಗಿ ದುಡಿಯಲು ಹೊರಟರು. ಒಂದನೇ ತಾರೀಕು ಅನ್ನೋದೇ ಇಲ್ಲದ ಬದುಕು ಹೇಗಿರುತ್ತದೆಂದು ಅಂಗಡಿ ಇಟ್ಟವರಿಗೆ ಬಿಡಿಸಿ ಹೇಳಬೇಕಿಲ್ಲ. ಚಿತ್ರ ಹೋದರೆ ಕಾಸು, ಹೋಗದಿದ್ದರೆ ರೀಲಿನ ಖರ್ಚು ತಲೆ ಮೇಲೆ. ದೆಹಲಿಯಲ್ಲಿ ಮನೆ ಮಾಡಿ ದೇಶ ಸುತ್ತಿದರು. ಲೈಫ್, ಟೈಮ್, ನ್ಯೂಸ್‌ವೀಕ್ ಎಲ್ಲವೂ ಅವರ ಚಿತ್ರ ತಗೊಂಡವು. ದೊಡ್ಡವರನ್ನು ತೆಗೆಯಲಿಲ್ಲ ಅಂತೇನಿಲ್ಲ. ನೆಹರೂ ಇದ್ದಾರೆ, ಸರ್ ಎಂ.ವಿ. ಇದ್ದಾರೆ, ಗೆಳೆಯ ಆರ್.ಕೆ. ನಾರಾಯಣ್ ಅಂತೂ ಮತ್ತೆ ಮತ್ತೆ ಇದ್ದಾರೆ.

ಆದರೆ ಸತ್ಯನ್ ಕಣ್ಣು ನಿಂತದ್ದು ಬೇರೆ ಕಡೆ. ವಿಶ್ವ ಆರೋಗ್ಯ ಸಂಸ್ಥೆ ಸಿಡುಬಿನ ವಿರುದ್ಧ ಹೊರಟಾಗ ಅದರ ಕೆಲಸಕ್ಕೂ ಹೋದರು. ಸಿಡುಬು ಅಂದರೆ ಏನೆಂದು ಮನೆಯ ಹಿರಿಯರನ್ನು ಕೇಳಬೇಕು. ಬದುಕಿದರೆ ಮುಖದ ತುಂಬ ಕಲೆ, ಎಷ್ಟೋ ಜನಕ್ಕೆ ಕಣ್ಣೂ ಹೋಗುತ್ತಿತ್ತು. ಆರೋಗ್ಯದವರು ಎರಡು ಮೊನೆಯ ಸೂಜಿ ಹಿಡಿದು ಹಳ್ಳಿ ಹಳ್ಳಿ, ಮನೆ ಮನೆ ತಡಕಾಡಿದರು. ಭಾರತದಲ್ಲಿ ಕೊನೆಯ ರೋಗಿ ಸಿಕ್ಕಿದ್ದು 1975ರಲ್ಲಿ. 1977ರಲ್ಲಿ ದೇಶ ಸಿಡುಬಿನಿಂದ ಮುಕ್ತವೆಂದು ಘೋಷಣೆಯಾಯಿತು. ಅದೇ ವರ್ಷ ಸತ್ಯನ್‌ಗೆ ಪದ್ಮಶ್ರೀ ಬಂತು.

ಯುನಿಸೆಫ್‌ಗಾಗಿ ತೆಗೆದದ್ದು ಮಕ್ಕಳನ್ನು. 1979, ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆಗ ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಯಲ್ಲಿ ಸತ್ಯನ್ ತೆಗೆದ ಮಕ್ಕಳ ಚಿತ್ರಗಳದ್ದೇ ಪ್ರದರ್ಶನ ನಡೆಯಿತು. ನಗುವ ಬಡಮಕ್ಕಳನ್ನು ತೋರಿಸಿ ಬಡತನವನ್ನು ಸಿಹಿ ಮಾಡಿದರು ಅಂತ ತಕರಾರು ತೆಗೆಯಬಹುದು. ತಕರಾರಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಬಡವರ ಮಗು ದಿನವಿಡೀ ಅಳುತ್ತಾ ಕೂರುತ್ತದೆ ಅನ್ನೋದೂ ಅಷ್ಟೇ ಸುಳ್ಳು. ಆ ಗೋಡೆ ಮೇಲೆ ನಕ್ಕ ಕೂಸುಗಳಿಗೆ ಈಗ ನಲವತ್ತೈದು ದಾಟಿದೆ. ಎಷ್ಟು ಜನಕ್ಕೆ ತಾವು ನ್ಯೂಯಾರ್ಕಿಗೆ ಹೋಗಿಬಂದದ್ದು ಗೊತ್ತಿದೆಯೋ!

ಕಡೆಗಾಲಕ್ಕೆ ಸತ್ಯನ್ ಮೈಸೂರಿಗೇ ಬಂದು ನೆಲೆಸಿದರು. 2005ರಲ್ಲಿ ಇಂಗ್ಲಿಷಿನಲ್ಲಿ ನೆನಪುಗಳ ಪುಸ್ತಕ ಬಂತು, ಕನ್ನಡದಲ್ಲಿ ‘ಕಾಲಕ್ಕೆ ಕನ್ನಡಿ’ ಬರೆದರು. 2009ರ ಡಿಸೆಂಬರ್ 13ರಂದು, ಎಂಬತ್ತಾರು ತುಂಬಲು ಐದೇ ದಿನ ಇದ್ದಾಗ, ಹುಟ್ಟಿದ ಊರಿನಲ್ಲೇ ಕಣ್ಮುಚ್ಚಿದರು.