ಮೇರಿ ಸಾಮರ್‌ವಿಲ್

ಶಾಲೆಯಲ್ಲಿ ಹಿಂದೆ ಬಿದ್ದ ಬಾಲಿಕೆಯು ಬಾಳಿನಲ್ಲಿಯೂ ಹಿಂದೆಯೇ ಉಳಿಯುವಳೆಂದು ನಿರ್ಣಯಿಸುವವರು ಎಲ್ಲ ಕಾಲದಲ್ಲಿಯೂ ಉಂಟು. ಅಂಥವರು ಮೇರಿ ಸಾಮರ್‌ವಿಲ್ ಎಂಬ ಸ್ತ್ರೀರತ್ನದ ಚರಿತ್ರೆಯನ್ನು ತಿಳಿಯತಕ್ಕದ್ದು.

ಈಕೆಯು ೧೭೮೦ನೆಯ ಇಸವಿ ಡಿಸೆಂಬರ್ ೨೬ರಲ್ಲಿ ಸ್ಕಾಟ್ಲೆಂಡ್ ದೇಶದ ಜೆಡ್‌ಬರೊ ಎಂಬ ಊರಿನಲ್ಲಿ ಜನಿಸಿದಳು. ತಂದೆಯಾದ ವಿಲಿಯಂ ಫೇರ್‌ಫ್ಯಾಕ್ಸನು ನೌಕಾಸೈನ್ಯದ ಅಧಿಕಾರಿ. ಮೇರಿಯು ಸಮುದ್ರತೀರದ ಒಂದು ಊರಿನಲ್ಲಿ ಚಿಪ್ಪುಗಳನ್ನು ಆಯುತ್ತ, ಹಕ್ಕಿಗಳನ್ನು ನೋಡುತ್ತ ಬೆಳೆದಳು. ದೀರ್ಘ ಪ್ರಯಾಣದಿಂದ ಮರಳಿದ ತಂದೆಯು, ಮಗಳಿಗೆ ಓದು ಬರಹಗಳು ಸರಿಯಾಗಿ ಬಾರದಿರುವುದನ್ನು ಕಂಡು ವ್ಯಸನಪಟ್ಟು, ಹತ್ತನೆಯ ವಯಸ್ಸಿನ ಸುಮಾರಿನಲ್ಲಿ ಮಸಲ್‌ಬರೊ ಊರಿನ ವಸತಿಶಾಲೆಗೆ ಸೇರಿಸಿದನು. ಅಲ್ಲಿ ಮೈ ನೆಟ್ಟಗಿರಲೆಂದು ಹುಡುಗಿಯರಿಗೆ ಉಕ್ಕಿನ ಪಟ್ಟಿಗಳನ್ನು ತೊಡಿಸುತ್ತಿದ್ದರು. ನಿಘಂಟಿನ ಪುಟಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಒಂದು ವರ್ಷದ ತರುವಾಯ ಮನೆಗೆ ಬಂದ ಮೇರಿಯು ಚಿಕ್ಕ ಪತ್ರವೊಂದನ್ನೂ ತಪ್ಪಿಲ್ಲದೆ ಬರೆಯಲಾರದವಳಾಗಿದ್ದಳು. ಹಣವೆಲ್ಲ ವ್ಯರ್ಥವಾಯಿತೆಂದು ತಾಯಿಯು ನೊಂದುಕೊಂಡಳು.

ಆ ಶಾಲೆಯು ಅಳೆದದ್ದು ಬಾಯಿಪಾಠದ ಶಕ್ತಿಯನ್ನು. ಈಕೆಗೆ ಇದ್ದದ್ದಾದರೋ ಕಾರಣವನ್ನು ಹುಡುಕುವ ಬುದ್ಧಿ. ಕೆಲವು ವರ್ಷಗಳ ಮೇಲೆ ಸ್ತ್ರೀಯರ ಮಾಸಪತ್ರಿಕೆಯೊಂದರಲ್ಲಿ ಅಂಕಿಗಳ ನಡುವೆ ಅಕ್ಷರಗಳನ್ನು ಕಂಡು ವಿಚಾರಿಸಲಾಗಿ, ಅದು ಬೀಜಗಣಿತವೆಂದು ತಿಳಿಯಿತು. ಚಿತ್ರಕಲೆಯ ಗುರುವಿನ ಮಾತಿನಿಂದ ಯೂಕ್ಲಿಡನ ರೇಖಾಗಣಿತದ ಹೆಸರು ಕಿವಿಗೆ ಬಿತ್ತು. ಅಂಥ ಪುಸ್ತಕವನ್ನು ಹುಡುಗಿಯು ಅಂಗಡಿಯಲ್ಲಿ ಕೇಳುವುದು ಆಗ ಮರ್ಯಾದೆಯಲ್ಲವಾದುದರಿಂದ, ತಮ್ಮನ ಉಪಾಧ್ಯಾಯನ ಮೂಲಕ ತರಿಸಿಕೊಂಡಳು. ರಾತ್ರಿಯ ಓದನ್ನು ನಿಲ್ಲಿಸಲೆಂದು ಮನೆಯವರು ಮೇಣದಬತ್ತಿಯನ್ನು ತೆಗೆಸಿಬಿಡಲು, ಮೇರಿಯು ಕತ್ತಲೆಯಲ್ಲಿ ಮಲಗಿಯೇ ಪ್ರಮೇಯಗಳನ್ನು ಮನಸ್ಸಿನಲ್ಲಿ ಸಾಧಿಸಿದಳು. ಬಂಧುಗಳಾದ ಥಾಮಸ್ ಸಾಮರ್‌ವಿಲ್ ಪಾದ್ರಿಗಳು ಮಾತ್ರ ಹಳಿಯದೆ, ಜೊತೆಯಲ್ಲಿ ಕುಳಿತು ಲ್ಯಾಟಿನ್ ಭಾಷೆಯನ್ನು ಓದಿಸಿದರು.

೧೮೦೪ರಲ್ಲಿ ವಿವಾಹವಾಯಿತು. ಪತಿಯಾದ ಸ್ಯಾಮ್ಯುಯೆಲ್ ಗ್ರೇಗನು ಸ್ತ್ರೀಯರ ಬುದ್ಧಿಶಕ್ತಿಯನ್ನು ಹೀನವಾಗಿ ಎಣಿಸುತ್ತಿದ್ದನು. ೧೮೦೭ರಲ್ಲಿ ಮೇರಿಯು ವಿಧವೆಯಾದಳು. ಎಳೆಯ ಮಕ್ಕಳನ್ನು ಸಲಹುತ್ತ, ಈಗ ತಡೆಯುವವರಿಲ್ಲದೆ ವ್ಯಾಸಂಗವನ್ನು ಮುಂದುವರಿಸಿ, ೧೮೧೧ರಲ್ಲಿ ಗಣಿತಪತ್ರಿಕೆಯೊಂದರ ಪ್ರಶ್ನೆಯನ್ನು ಬಿಡಿಸಿ ಬೆಳ್ಳಿಯ ಪದಕವನ್ನು ಪಡೆದಳು. ಮರುವರ್ಷ ಅದೇ ಪಾದ್ರಿಗಳ ಮಗನಾದ ವೈದ್ಯ ವಿಲಿಯಂ ಸಾಮರ್‌ವಿಲ್ಲನನ್ನು ವರಿಸಿದಳು. ಆತನು ಹೆಂಡತಿಯ ವಿದ್ಯೆಯನ್ನು ತನ್ನ ಭಾಗ್ಯವೆಂದೇ ಬಗೆದನು.

ಲಾಪ್ಲಾಸನೆಂಬ ಫ್ರೆಂಚ್ ಪಂಡಿತನ ಗಹನವಾದ ಖಗೋಳಗಣಿತವನ್ನು ಇಂಗ್ಲಿಷಿನಲ್ಲಿ ವಿಶದಪಡಿಸಿ ಈಕೆಯು ೧೮೩೧ರಲ್ಲಿ ಪ್ರಕಟಿಸಿದ ಗ್ರಂಥವು, ಸ್ತ್ರೀಯರಿಗೆ ಪ್ರವೇಶವೇ ಇಲ್ಲದಿದ್ದ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಪಠ್ಯವಾಯಿತು. ೧೮೩೫ರಲ್ಲಿ ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿಯು ಈಕೆಯನ್ನೂ ಕ್ಯಾರೊಲಿನ್ ಹರ್ಷೆಲಳನ್ನೂ ಗೌರವ ಸದಸ್ಯೆಯರನ್ನಾಗಿ ಮಾಡಿತು. ೧೮೭೨ರಲ್ಲಿ, ೯೧ನೆಯ ವಯಸ್ಸಿನಲ್ಲಿ, ಇಟಲಿಯ ನೇಪಲ್ಸ್ ನಗರದಲ್ಲಿ ದೈವಾಧೀನಳಾಗುವವರೆಗೂ ಗಣಿತವನ್ನು ಬಿಡಲಿಲ್ಲ. ೧೮೭೯ರಲ್ಲಿ ಆಕ್ಸ್‌ಫರ್ಡಿನಲ್ಲಿ ಸ್ತ್ರೀಯರಿಗಾಗಿ ತೆರೆದ ವಿದ್ಯಾಲಯವೊಂದಕ್ಕೆ ಈಕೆಯ ಹೆಸರನ್ನೇ ಇಟ್ಟರು.

ಮಾತಾಪಿತೃಗಳು ಇದನ್ನು ಆಲೋಚಿಸಬೇಕು. ಮೇರಿಯ ಹಟವೊಂದೇ ಸಾಲುತ್ತಿರಲಿಲ್ಲ. ಪುಸ್ತಕ ತಂದುಕೊಟ್ಟವನೊಬ್ಬನು, ನಗದೆ ಕಲಿಸಿದವರೊಬ್ಬರು ದೊರೆತರು. ಒಂದು ವರ್ಷದ ಸೋಲನ್ನು ನೋಡಿ ಮಗಳ ಓದನ್ನು ನಿಲ್ಲಿಸುವ ಮೊದಲು, ಆಕೆಯು ಕೇಳುವ ಪ್ರಶ್ನೆಗಳಿಗೆ ಕಿವಿಗೊಡೋಣ. ಮನೆಯ ದೀಪವನ್ನು ಆರಿಸದಿರೋಣ.