ಸಂಸ್ಥಾನದಿಂದ ರಾಯಭಾರಕ್ಕೆ, ರಾಯಭಾರದಿಂದ ಪುಸ್ತಕೋದ್ಯಮಕ್ಕೆ: ವನಪರ್ತಿಯ ಜೆ. ರಾಮೇಶ್ವರರಾವ್

ಕೃಷ್ಣಾ ತೀರದ ನಾರಾಯಣಪೇಟೆ, ಮಕ್ತಲ್, ಗದ್ವಾಲ ಪ್ರದೇಶವು ತೆಲುಗು, ಕನ್ನಡ, ಉರ್ದು ಭಾಷೆಗಳು ಕೂಡಿ ಬಾಳಿದ ನೆಲ. ನಿಜಾಮರ ಆಳ್ವಿಕೆಯಲ್ಲಿ ಇಲ್ಲಿ ಗದ್ವಾಲ, ವನಪರ್ತಿ ಮೊದಲಾದ ಸಂಸ್ಥಾನಗಳಿದ್ದವು. ವನಪರ್ತಿಯ ಕೊನೆಯ ದೊರೆ ರಾಜಾ ಜೆ. ರಾಮೇಶ್ವರರಾವ್ ಅವರು ಮುಂದೆ ರಾಯಭಾರಿಯಾಗಿ, ಸಂಸದರಾಗಿ, ಉದ್ಯಮಿಯಾಗಿ ಹೆಸರು ಗಳಿಸಿದರು.

1923ರಲ್ಲಿ ಜನಿಸಿದ ರಾಮೇಶ್ವರರಾವ್ ಅವರ ಯೌವನಕಾಲದಲ್ಲಿಯೇ ಯುಗವೊಂದು ಮುಗಿಯಿತು. 1948ರಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದೊಡನೆ ವಿಲೀನಗೊಂಡಿತು. 1949ರಲ್ಲಿ ಜಾಗೀರು ಪದ್ಧತಿ ರದ್ದಾಯಿತು. ವಂಶಪಾರಂಪರ್ಯವಾಗಿ ಬಂದ ಅಧಿಕಾರ ಕೈತಪ್ಪಿದಾಗ ಹಲವು ದೊರೆಮನೆಗಳು ಹಳೆಯ ವೈಭವದ ನೆನಪಿನಲ್ಲಿ ಕಾಲ ಕಳೆದವು. ರಾಮೇಶ್ವರರಾವ್ ಅವರು ಹೊಸ ಗಣರಾಜ್ಯದ ಸೇವೆಯನ್ನು ಆರಿಸಿಕೊಂಡು ವಿದೇಶಾಂಗ ಇಲಾಖೆಯನ್ನು ಸೇರಿದರು.

ಅವರ ಕಾರ್ಯಕ್ಷೇತ್ರ ಆಫ್ರಿಕಾ. ಮೊದಲು ಕೀನ್ಯಾದ ನೈರೋಬಿಯಲ್ಲಿ ದುಡಿದರು. ಅಲ್ಲಿ ಭಾರತದ ಪ್ರತಿನಿಧಿಯಾಗಿದ್ದ ಅಪ್ಪಾ ಪಂತ್ ಅವರೂ ಔಂಧ್ ಸಂಸ್ಥಾನದ ರಾಜಮನೆತನದವರು. ಬಳಿಕ 1950ರ ದಶಕದ ಮೊದಲ ಭಾಗದಲ್ಲಿ ಗೋಲ್ಡ್ ಕೋಸ್ಟ್‌ನ ರಾಜಧಾನಿ ಆಕ್ರಾದಲ್ಲಿ ಭಾರತದ ಕಮಿಷನರ್ ಆದರು. ಬ್ರಿಟಿಷರ ಅಧೀನದಲ್ಲಿದ್ದ ನಾಡಿಗೆ ರಾಯಭಾರಿಯನ್ನು ಕಳುಹಿಸುವಂತಿರಲಿಲ್ಲವಾದ್ದರಿಂದ ಈ ಪದನಾಮ. ಕ್ವಾಮೆ ಎನ್‌ಕ್ರುಮಾ ಅವರ ನೇತೃತ್ವದಲ್ಲಿ ಆ ನಾಡು ಸ್ವಾತಂತ್ರ್ಯದತ್ತ ಸಾಗುತ್ತಿದ್ದ ಕಾಲವದು. ವಸಾಹತು ಸರ್ಕಾರದೊಡನೆ ಸೌಜನ್ಯವನ್ನೂ ಸ್ವಾತಂತ್ರ್ಯ ಬಯಸುವ ಜನರೊಡನೆ ಸ್ನೇಹವನ್ನೂ ಒಟ್ಟಿಗೆ ಕಾಯ್ದುಕೊಳ್ಳಬೇಕಾದ ನಾಜೂಕಿನ ಹೊಣೆ ಅಲ್ಲಿಯ ಭಾರತೀಯ ಪ್ರತಿನಿಧಿಯದಾಗಿತ್ತು.

1957ರ ಮಾರ್ಚ್ 6ರಂದು ಗೋಲ್ಡ್ ಕೋಸ್ಟ್ ಘಾನಾ ಎಂಬ ಹೆಸರಿನಿಂದ ಸ್ವತಂತ್ರವಾಯಿತು. ಅದೇ ವರ್ಷ ರಾಮೇಶ್ವರರಾವ್ ಅವರು ಮಹಬೂಬ್‌ನಗರದಿಂದ ಲೋಕಸಭೆಗೆ ಆಯ್ಕೆಯಾದರು. 1962ರಲ್ಲಿ ಗದ್ವಾಲ ಕ್ಷೇತ್ರದಿಂದ ಗೆದ್ದರು. ಅನಂತರ ಮತ್ತೆ ಮಹಬೂಬ್‌ನಗರವನ್ನು ಪ್ರತಿನಿಧಿಸಿದರು. ಒಂದು ಕಾಲದಲ್ಲಿ ಕಂದಾಯ ಸಲ್ಲಿಸುತ್ತಿದ್ದ ಜನರ ಮುಂದೆ ದೊರೆಯೇ ಮತ ಕೇಳಿ ನಿಂತದ್ದು ಪ್ರಜಾಪ್ರಭುತ್ವವು ತಂದ ದೊಡ್ಡ ಪಲ್ಲಟ.

ಅವರ ಬದುಕಿನ ಇನ್ನೊಂದು ಮಜಲು ಪುಸ್ತಕೋದ್ಯಮ. ಲಾಂಗ್‌ಮನ್ಸ್ ಎಂಬ ಇಂಗ್ಲಿಷ್ ಪ್ರಕಾಶನದ ಭಾರತೀಯ ಶಾಖೆಯಿಂದ ರೂಪುಗೊಂಡ ಓರಿಯಂಟ್ ಲಾಂಗ್‌ಮನ್ ಸಂಸ್ಥೆಯ ಅಧ್ಯಕ್ಷರಾಗಿ ಅವರು ಅದನ್ನು ಬೆಳೆಸಿದರು. ಶಾಲಾ ಪಠ್ಯಗಳೊಂದಿಗೆ ಇತಿಹಾಸ, ಸಮಾಜವಿಜ್ಞಾನಗಳ ಗಂಭೀರ ಗ್ರಂಥಗಳೂ ಅಲ್ಲಿಂದ ಹೊರಬಂದವು. ವಿದೇಶದಲ್ಲಿ ಅಚ್ಚಾದ ಪಠ್ಯವನ್ನೇ ನೆಚ್ಚಿಕೊಂಡಿದ್ದ ದೇಶದಲ್ಲಿ ಇಂಥ ಉದ್ಯಮ ಕೇವಲ ಲಾಭದ ವ್ಯವಹಾರವಾಗಿರಲಿಲ್ಲ. ಅವರ ಪತ್ನಿ ಶಾಂತಾ ರಾಮೇಶ್ವರರಾವ್ ಅವರು ಮಕ್ಕಳಿಗಾಗಿ ಪುರಾಣಕಥೆಗಳನ್ನು ಬರೆದರು. 1961ರಲ್ಲಿ ಹೈದರಾಬಾದಿನಲ್ಲಿ ವಿದ್ಯಾರಣ್ಯ ಶಾಲೆಯನ್ನು ಸ್ಥಾಪಿಸಿದರು. ವನಪರ್ತಿಯ ಅರಮನೆಯಾದರೋ ಪಾಲಿಟೆಕ್ನಿಕ್ ಆಯಿತು. ಅರಸುಮನೆಯವರು ನಡೆದಾಡಿದ ಅಂಗಳಕ್ಕೆ ಹಳ್ಳಿಯ ಮಕ್ಕಳು ತಾಂತ್ರಿಕ ವಿದ್ಯೆ ಅರಸಿ ಬಂದರು.

1998ರಲ್ಲಿ ರಾಮೇಶ್ವರರಾವ್ ಅವರು ನಿಧನರಾದರು. ಅವರ ಪ್ರಕಾಶನ ಸಂಸ್ಥೆ ಇಂದು ಓರಿಯಂಟ್ ಬ್ಲ್ಯಾಕ್‌ಸ್ವಾನ್ ಎಂಬ ಹೆಸರಿನಲ್ಲಿ ಮುಂದುವರಿದಿದೆ. ಹುಟ್ಟಿನಿಂದ ಬಂದ ಪದವಿ ಕಾಲದೊಡನೆ ಅಳಿಯಿತು. ದುಡಿಮೆಯಿಂದ ಕಟ್ಟಿದ್ದು ವಿದ್ಯಾರ್ಥಿಗಳ ಕೈಯಲ್ಲಿ ಪುಸ್ತಕವಾಗಿ ಉಳಿಯಿತು.