ಹೆಲೆನ್ ಕೆಲರ್: ಸಿನಿಮಾ ಮುಗಿದ ಮೇಲಿನ 80 ವರ್ಷ

'ದಿ ಮಿರಾಕಲ್ ವರ್ಕರ್' (1962) ನೋಡಿದವರಿಗೆ ಆ ನೀರಿನ ಪಂಪಿನ ದೃಶ್ಯ ಮರೆಯೋಕಾಗಲ್ಲ. ಕಣ್ಣು ಕಾಣದ, ಕಿವಿ ಕೇಳದ ಹುಡುಗಿಯ ಒಂದು ಕೈ ಮೇಲೆ ನೀರು ಸುರೀತಿದೆ, ಇನ್ನೊಂದು ಅಂಗೈಯಲ್ಲಿ ಶಿಕ್ಷಕಿ ಆನ್ ಸಲಿವನ್ ಅಕ್ಷರ ಮೂಡಿಸ್ತಿದ್ದಾಳೆ. ಪದಕ್ಕೂ ವಸ್ತುವಿಗೂ ಇರೋ ನಂಟು ಹುಡುಗಿಗೆ ಥಟ್ಟನೆ ಹೊಳೆಯುತ್ತೆ. ಇಬ್ಬರು ನಟಿಯರಿಗೂ ಆಸ್ಕರ್ ಬಂತು. ಬನ್ಸಾಲಿಯ 'ಬ್ಲ್ಯಾಕ್' (2005) ಹುಟ್ಟಿದ್ದೂ ಇದೇ ಕತೆಯಿಂದ.

ಪಂಪಿನ ಬಳಿ ನಿಂತಾಗ ಹೆಲೆನ್‌ಗೆ ಇನ್ನೂ ಏಳು ತುಂಬಿರಲಿಲ್ಲ. ಆಕೆ ತೀರಿಕೊಂಡಿದ್ದು 1968ರಲ್ಲಿ, 87ನೇ ವಯಸ್ಸಿನಲ್ಲಿ. ನಡುವಿನ 80 ವರ್ಷ ಏನು ಮಾಡ್ತಿದ್ದಳು? ರಾಜಕೀಯ.

1880ರಲ್ಲಿ ಅಲಬಾಮದ ಟಸ್ಕಂಬಿಯಾದಲ್ಲಿ ಹುಟ್ಟಿದವಳು. ಅಪ್ಪ, ಗುಲಾಮಗಿರಿಯ ಪರ ನಿಂತ ಕಾನ್ಫೆಡರೇಟ್ ಸೇನೆಯಲ್ಲಿ ಕ್ಯಾಪ್ಟನ್ ಆಗಿದ್ದವನು. 19 ತಿಂಗಳ ಮಗುವಿದ್ದಾಗ ಕಾಯಿಲೆ ಬಿದ್ದು ದೃಷ್ಟಿ, ಶ್ರವಣ ಎರಡೂ ಹೋದವು. 1904ರಲ್ಲಿ ರ‍್ಯಾಡ್‌ಕ್ಲಿಫ್ ಕಾಲೇಜಿನಿಂದ ಪದವಿ ಪಡೆದಳು. ಆಮೇಲೆ ಜನ ಯಾಕೆ ಕುರುಡರಾಗ್ತಾರೆ ಅಂತ ಕೆದಕತೊಡಗಿದಳು. ಸಿಕ್ಕಿದ್ದು ವಿಧಿಯಲ್ಲ: ಕಾರ್ಖಾನೆಯ ಅಪಘಾತ, ಬಡತನ, ಗಂಡಂದಿರ ಲೈಂಗಿಕ ರೋಗ ತಾಯಿಯ ಮೂಲಕ ನವಜಾತ ಶಿಶುವಿನ ಕಣ್ಣಿಗೆ ತಗಲೋದು. ತಡೆಯಬಹುದಾದದ್ದನ್ನು ಯಾಕೆ ತಡೀತಿಲ್ಲ ಅನ್ನೋ ಪ್ರಶ್ನೆ ಆಕೆಯನ್ನು 1909ರಲ್ಲಿ ಸೋಷಿಯಲಿಸ್ಟ್ ಪಾರ್ಟಿಗೆ ಕರೆದೊಯ್ದಿತು.

ಅಲ್ಲೀವರೆಗೆ ಹೊಗಳ್ತಿದ್ದ ಪತ್ರಿಕೆಗಳು ತಿರುಗಿಬಿದ್ದವು. ಆಕೆಗಿರೋ ಅಂಗವೈಕಲ್ಯದಿಂದಲೇ ಇಂಥ ತಪ್ಪು ವಿಚಾರ ಬಂದಿದೆ ಅಂತ 'ಬ್ರೂಕ್ಲಿನ್ ಈಗಲ್' ಬರೆಯಿತು. ನಿಜಕ್ಕೂ ಕುರುಡಾಗಿ, ಕಿವುಡಾಗಿ ಕೂತಿರೋದು ಸಮಾಜದ ಅನ್ಯಾಯ ಕಾಣದ ಆ ಪತ್ರಿಕೆ ಅಂತ ಹೆಲೆನ್ ತಿರುಗೇಟು ಕೊಟ್ಟಳು. ಪತ್ರಿಕೆಗಳಿಗೆ ಬೇಕಿದ್ದದ್ದು ಪವಾಡದ ಹುಡುಗಿ, ಅಭಿಪ್ರಾಯ ಇರೋ ಹೆಂಗಸಲ್ಲ. (ನಮ್ಮಲ್ಲೂ 'ಸ್ಫೂರ್ತಿ' ಅಂತ ಶೇರ್ ಆಗೋ ವಿಡಿಯೊಗಳಲ್ಲಿರೋ ಎಷ್ಟು ಜನರ ಮತ, ಪಕ್ಷ, ಸಿಟ್ಟು ನಮಗೆ ಗೊತ್ತಿದೆ?) 1916ರಲ್ಲಿ ಕಪ್ಪು ಜನರ ಹಕ್ಕಿನ ಸಂಘಟನೆ ಎನ್‌ಎಎಸಿಪಿಗೆ ಆಕೆ ದೇಣಿಗೆ ಕಳಿಸಿದಾಗ ಅಲಬಾಮದ ಮನೆಯವರೇ ಮುಜುಗರಪಟ್ಟರು. 1920ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಎಸಿಎಲ್‌ಯು ಕಟ್ಟಿದವರಲ್ಲಿ ಆಕೆಯೂ ಒಬ್ಬಳು.

ಹಾಗಂತ ದೇವತೆ ಮಾಡೋದು ಬೇಡ. ಶಿಕಾಗೊದಲ್ಲಿ ತೀವ್ರ ವೈಕಲ್ಯದ ಶಿಶುವಿಗೆ ಶಸ್ತ್ರಚಿಕಿತ್ಸೆ ಮಾಡದೆ ಸಾಯಲು ಬಿಟ್ಟ ವೈದ್ಯನನ್ನು 1915ರಲ್ಲಿ ಸಮರ್ಥಿಸಿ ಬರೆದಿದ್ದಳು. ಯಾವ ಜೀವ ಬದುಕಬೇಕು ಅಂತ ವೈದ್ಯರ ಸಮಿತಿ ತೀರ್ಮಾನಿಸಲಿ ಎಂದಳು. ಓದಿದರೆ ಎದೆ ಝಲ್ಲೆನ್ನುತ್ತೆ. ಮರುವರ್ಷವೇ, ತನ್ನ ಕಾರ್ಯದರ್ಶಿ ಪೀಟರ್ ಫೇಗನ್ ಜೊತೆ ಆಕೆ ಗುಟ್ಟಾಗಿ ಗೊತ್ತುಮಾಡಿಕೊಂಡಿದ್ದ ಮದುವೆಯನ್ನು ಮನೆಯವರು ಮುರಿದರು. ಆಗ ಆಕೆಗೆ 36. ಯಾರು ಹೇಗೆ ಬದುಕಬೇಕು ಅಂತ ಬೇರೆಯವರು ತೀರ್ಮಾನಿಸೋದು ಏನು ಅಂತ ಆಗಲಾದರೂ ಗೊತ್ತಾಗಿರಬೇಕು.

ಇನ್ನೊಂದು ಸಿನಿಮಾ ಇದೆ, 1919ರ ಮೂಕಿ ಚಿತ್ರ 'ಡೆಲಿವರೆನ್ಸ್'. ಇದೂ ಆಕೆಯದೇ ಬದುಕು. ಒಂದಷ್ಟು ಭಾಗದಲ್ಲಿ ಆಕೆಯೇ ನಟಿಸಿದ್ದಾಳೆ. ಬಿಳಿ ಕುದುರೆ ಹತ್ತಿಸಿ ಮೆರವಣಿಗೆ ಮಾಡಿಸೋ ದೃಶ್ಯ ಬೇರೆ! ಅದು ನ್ಯೂಯಾರ್ಕಿನಲ್ಲಿ ಬಿಡುಗಡೆಯಾಗೋ ಹೊತ್ತಿಗೆ ರಂಗನಟರ ಯೂನಿಯನ್ ಮುಷ್ಕರ ನಡೀತಿತ್ತು. ತನ್ನದೇ ಸಿನಿಮಾದ ಮೊದಲ ಪ್ರದರ್ಶನಕ್ಕೆ ಹೆಲೆನ್ ಹೋಗಲಿಲ್ಲ. ಮುಷ್ಕರನಿರತ ನಟರ ಜೊತೆ ಬೀದಿಗಿಳಿದಳು.